ಬಿಸಿಲುಂಡು ಬೆಳೆದ ಚಿಪ್ಪು

ಸಕಲೇಶಪುರದಿಂದ ಹಾನುಬಾಳಿಗೆ ಹೋಗುವ ದಾರಿಯಲ್ಲಿ, ನಮ್ಮ ತೋಟದ ಬೇಲಿಗೆ ತಾಗಿಕೊಂಡಂತೆ, ದೊರೆಗಳ ಕಾಲದ ಒಂದು ಬಂಗಲೆ ಇದೆ. ಒಡೆತನ ಹಲವು ಕೈ ಬದಲಾಗಿ ಈಗ ಹೋಂಸ್ಟೇ ಆಗಿದೆ. ಅದರ ಮೆಟ್ಟಿಲ ಪಕ್ಕದಲ್ಲಿ, ಹೂವಿನ ಕುಂಡಗಳ ಸಾಲಿನ ಕೊನೆಗೆ, ಒಂದು ಕಡಲ ಚಿಪ್ಪು ಅಂಗಾತ ಬಿದ್ದಿದೆ. ಜೋಡಿಯಲ್ಲಿ ಒಂದೇ ಹೋಳು. ಉದ್ದ ಎರಡೂವರೆ ಅಡಿಗೆ ಕಡಿಮೆಯಿಲ್ಲ. ಅಂಚು ದೊಡ್ಡ ದೊಡ್ಡ ಮಡಿಕೆಗಳಾಗಿ ಏರಿಳಿಯುತ್ತದೆ. ಹೊರಮೈಗೆ ಮಲೆನಾಡಿನ ಮಳೆ ಪಾಚಿ ಹಿಡಿಸಿ, ಕಲ್ಲುಹೂವು ಬೆಳೆಸಿ, ಬಂಡೆಯ ತುಂಡೇ ಇರಬೇಕೆಂದು ನಂಬಿಸುವಷ್ಟು ಬಣ್ಣಗೆಡಿಸಿದೆ. ಒಳಮೈ ಮಾತ್ರ ಇಂದಿಗೂ ನುಣುಪು ಬಿಳಿ. ಜೂನ್ ತಿಂಗಳಲ್ಲಿ ಅದು ತುಂಬಿ ತುಳುಕುತ್ತದೆ, ಪಿಕಳಾರಗಳು ಬಂದು ಮೀಯುತ್ತವೆ, ಬೆಂಗಳೂರಿನಿಂದ ಬಂದ ಅತಿಥಿಗಳು ಅದರ ಪಕ್ಕ ಕುಳಿತು ಫೋಟೊ ತೆಗೆಸಿಕೊಳ್ಳುತ್ತಾರೆ.

ಈಚೆಗೆ ಅಂಗಳಕ್ಕೆ ಸಿಮೆಂಟ್ ಇಟ್ಟಿಗೆ ಹಾಸುವಾಗ ಅದನ್ನು ಸರಿಸಬೇಕಾಗಿ ಬಂತು. ನಮ್ಮ ತೋಟದ ಆಳುಗಳೂ ಹೋಗಿ ಕೈಜೋಡಿಸಿದರು. ಹಾರೆ ಕೊಟ್ಟು ಎಬ್ಬಿಸಿ, ಕೆಳಗೆ ಗೋಣಿ ತೂರಿಸಿ, ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಎತ್ತಿದರೂ ಮಾರು ದೂರಕ್ಕೊಮ್ಮೆ ಇಳಿಸಿ ಉಸಿರು ತೆಗೆದುಕೊಳ್ಳಬೇಕಾಯಿತು. ಅವರಲ್ಲೊಬ್ಬರು ಸೊಂಟ ಹಿಡಿದುಕೊಂಡು ಕೇಳಿದ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು: "ಇದು ಇಷ್ಟು ದಪ್ಪ ಆಗಬೇಕಾದರೆ ಏನು ತಿಂದಿರಬೇಕು?" ತೋಟದವರು ಕೇಳುವ ಪ್ರಶ್ನೆಯೇ ಹಾಗೆ. ಯಾವುದಾದರೂ ಹುಲುಸಾಗಿ ಬೆಳೆದದ್ದು ಕಂಡರೆ ಅದರ ಚೆಲುವು ಆಮೇಲೆ. ಏನು ಗೊಬ್ಬರ, ಎಷ್ಟು ಸಲ ಎಂಬುದು ಮೊದಲು.

ಅಂದಿನಿಂದ ದೈತ್ಯ ಕಪ್ಪೆಚಿಪ್ಪಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ವಿಜ್ಞಾನಿಗಳು ಟ್ರೈಡಾಕ್ನಾ ಗೀಗಾಸ್ ಎಂದು ಕರೆಯುವ ಈ ಜೀವಿ ಎರಡು ಹೋಳುಗಳ ಚಿಪ್ಪಿರುವ ಮೃದ್ವಂಗಿಗಳಲ್ಲೆಲ್ಲ ದೊಡ್ಡದು. ದಾಖಲೆಯ ಉದ್ದ 137 ಸೆಂಟಿಮೀಟರ್. ತೂಕ 200 ಕಿಲೋ ದಾಟುತ್ತದೆ. ಅದರಲ್ಲಿ ಮಾಂಸದ ಪಾಲು ಹತ್ತರಲ್ಲೊಂದರ ಆಸುಪಾಸು, ಉಳಿದದ್ದೆಲ್ಲ ಸುಣ್ಣ. ನೂರು ವರ್ಷ ಬಾಳಬಲ್ಲದು. 1521ರಲ್ಲಿ ಮೆಗಲನ್ನನ ಹಡಗುಪಡೆಯ ಜೊತೆ ಬೋರ್ನಿಯೊ ಕಡೆಗೆ ಬಂದಿದ್ದ ಪಿಗಫೆಟ್ಟಾ ತನ್ನ ದಿನಚರಿಯಲ್ಲಿ, ಸಿಕ್ಕ ಎರಡು ಚಿಪ್ಪುಗಳಲ್ಲಿ ಒಂದರ ಮಾಂಸ 26 ಪೌಂಡ್, ಇನ್ನೊಂದರದು 44 ಪೌಂಡ್ ತೂಗಿತು ಎಂದು ಬರೆದಿಟ್ಟಿದ್ದಾನೆ. ಹಸಿದ ನಾವಿಕರು ಅಳತೆ ಮಾಡುವುದು ಮಾಂಸವನ್ನೇ ಹೊರತು ಚಿಪ್ಪನ್ನಲ್ಲ ಎಂಬುದು ನನಗೆ ಸಹಜವಾಗಿಯೇ ಕಂಡಿತು.

ತಿಳಿನೀರಿನ ಬಡತನ

ಆಳು ಕೇಳಿದ ಪ್ರಶ್ನೆ ಮೇಲ್ನೋಟಕ್ಕೆ ತೋರುವುದಕ್ಕಿಂತ ಕಠಿಣವಾದದ್ದು. ಈ ಚಿಪ್ಪುಗಳು ಬೆಳೆಯುವುದು ಫಿಲಿಪ್ಪೀನ್ಸ್, ಇಂಡೊನೇಷ್ಯಾ, ಪಲಾವ್, ಸಾಲೊಮನ್ ದ್ವೀಪಗಳು, ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಇಂಥ ಕಡೆ, ಹವಳದ ದಿಬ್ಬಗಳ ನಡುವೆ, ತಳ ಕಾಣುವಷ್ಟು ತಿಳಿಯಾದ ನೀರಿನಲ್ಲಿ. ಚಿತ್ರಗಳಲ್ಲಿ ಕಣ್ಣು ತಣಿಸುವ ಆ ನೀಲಿ ನಿಜಕ್ಕೂ ಬರಡುತನದ ಬಣ್ಣ. ಮಂಗಳೂರಿನ ಕಡಲು ಮಳೆಗಾಲದಲ್ಲಿ ಕಂದು ಹಸಿರಾಗಿ ಕಲಕಿರುವುದು ಅದರಲ್ಲಿ ಮಣ್ಣಿದೆ, ಸಾರವಿದೆ, ತೇಲುವ ಸೂಕ್ಷ್ಮಜೀವಿಗಳಿವೆ ಎಂಬ ಕಾರಣಕ್ಕೆ. ಅಲ್ಲಿ ಮೀನು ಸಿಗುತ್ತದೆ. ಹವಳದ ಕಡಲು ತಿಳಿಯಾಗಿರುವುದು ಅದರಲ್ಲಿ ತಿನ್ನಲು ಅಷ್ಟಾಗಿ ಏನೂ ಇಲ್ಲದ್ದರಿಂದ. ಉಳಿದ ಕಪ್ಪೆಚಿಪ್ಪುಗಳು ನೀರನ್ನು ಒಳಗೆಳೆದು ಸೋಸಿ, ಸಿಕ್ಕ ಕಣವನ್ನು ತಿಂದು ಬದುಕುತ್ತವೆ. ಸೋಸಲು ಏನೂ ಇಲ್ಲದ ಕಡೆ, ಆ ಕುಲದಲ್ಲೇ ಅತಿ ದೊಡ್ಡದು, ಅದೂ ಕೂತ ಜಾಗದಿಂದ ಒಂದಂಗುಲ ಕದಲದೆ ಬೆಳೆಯುತ್ತದೆ ಎಂದರೆ ಎಲ್ಲೋ ಬೇರೆ ಆದಾಯ ಇರಲೇಬೇಕು.

ಆದಾಯ ಬರುವುದು ಆಕಾಶದಿಂದ. ಚಿಪ್ಪು ಬಾಯ್ತೆರೆದಾಗ ಅದರ ಎರಡು ಅಂಚುಗಳ ನಡುವೆ ದಪ್ಪನೆಯ ಮಾಂಸದ ಪದರವೊಂದು ಹೊರಚಾಚಿ ಹರಡಿಕೊಳ್ಳುತ್ತದೆ. ಜೀವಶಾಸ್ತ್ರದಲ್ಲಿ ಮ್ಯಾಂಟಲ್ ಎನ್ನುವುದು ಇದನ್ನೇ. ಎಲ್ಲ ಮೃದ್ವಂಗಿಗಳಿಗೂ ಇದೆ. ಚಿಪ್ಪನ್ನು ಕಟ್ಟುವುದು ಅದರ ಕೆಲಸ. ದೈತ್ಯ ಕಪ್ಪೆಚಿಪ್ಪಿನಲ್ಲಿ ಮಾತ್ರ ಅದು ಮಿತಿಮೀರಿ ಬೆಳೆದು, ಬಿಸಿಲಿಗೆ ಮೈಯೊಡ್ಡಿ, ನೀಲಿ, ಹಸಿರು, ಕಂದು, ಬಂಗಾರದ ಚುಕ್ಕೆಗಳಲ್ಲಿ ಹೊಳೆಯುತ್ತದೆ. ಅದರೊಳಗೆ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಸಣ್ಣ ಪಾಚಿಕೋಶಗಳು ಕೋಟಿಗಟ್ಟಲೆ ವಾಸವಾಗಿವೆ. ಹವಳದ ಮೈಯಲ್ಲಿರುವ ಪಾಚಿಯ ಬಂಧುಗಳು ಇವು. ಬಿಸಿಲಿನಲ್ಲಿ ದ್ಯುತಿಸಂಶ್ಲೇಷಣೆ ನಡೆಸಿ ಸಕ್ಕರೆ ತಯಾರಿಸುತ್ತವೆ, ತಮಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ಮನೆಯೊಡೆಯನಿಗೆ ಬಿಟ್ಟುಕೊಡುತ್ತವೆ. ಪ್ರತಿಯಾಗಿ ಚಿಪ್ಪಿನ ಉಸಿರಿನ ಇಂಗಾಲದ ಡೈಆಕ್ಸೈಡ್ ಮತ್ತು ಅದರ ಮೈಯ ಕಸವಾದ ಅಮೋನಿಯಾ ಪಾಚಿಗೆ ಸಿಗುತ್ತದೆ. ಬೇರೆ ಪ್ರಾಣಿಗಳು ಹೊರಗೆ ಚೆಲ್ಲುವ ಸಾರಜನಕ ಇಲ್ಲಿ ಮನೆಯೊಳಗೇ ಸುತ್ತುತ್ತದೆ. ಚಿಪ್ಪು ಸೋಸುವುದನ್ನೂ ಬಿಟ್ಟಿಲ್ಲ. ಮರಿಯಾಗಿದ್ದಾಗ ಸೋಸಿದ ಆಹಾರದ ಪಾಲು ಹೆಚ್ಚು, ಬೆಳೆಯುತ್ತ ಹೋದಂತೆ ಬಿಸಿಲಿನ ಪಾಲು ಹೆಚ್ಚು.

ಇದು ಮನುಷ್ಯರಿಗೆ ಅರ್ಥವಾದ ಬಗೆಯೂ ಸ್ವಾರಸ್ಯಕರ. 1928–29ರಲ್ಲಿ ಬ್ರಿಟಿಷ್ ವಿಜ್ಞಾನಿಗಳ ತಂಡವೊಂದು ಗ್ರೇಟ್ ಬ್ಯಾರಿಯರ್ ರೀಫಿನ ಲೋ ಐಲ್ಸ್ ಎಂಬ ಪುಟ್ಟ ದ್ವೀಪದಲ್ಲಿ ಸುಮಾರು ಒಂದು ವರ್ಷ ಬೀಡುಬಿಟ್ಟಿತ್ತು. ಮುಖ್ಯಸ್ಥ ಮಾರಿಸ್ ಯಂಗ್ ಈ ಚಿಪ್ಪುಗಳನ್ನು ಕೊಯ್ದು ನೋಡಿ, ಇದು ತನ್ನ ಮೈಯಲ್ಲಿ ಪಾಚಿಯನ್ನು ಬೇಸಾಯ ಮಾಡುತ್ತಿದೆ ಎಂದ. ಪಾಚಿ ರಕ್ತದ ಅವಕಾಶಗಳಲ್ಲಿ ತೇಲುತ್ತದೆ, ಬೆಳೆದದ್ದನ್ನು ರಕ್ತಕಣಗಳು ತಿಂದು ಅರಗಿಸುತ್ತವೆ ಎಂಬುದು ಅವನ ಲೆಕ್ಕ. ಬೇಸಾಯ ಎಂಬ ಮಾತು ಉಳಿಯಿತು, ಪಾಚಿ ಇರುವ ಜಾಗದ ಲೆಕ್ಕ ತಿದ್ದುಪಡಿಯಾಯಿತು. 1992ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದ್ದು ಹೀಗೆ: ಜಠರದಿಂದ ಒಂದು ಕೊಳವೆ ಹೊರಟು, ಮ್ಯಾಂಟಲಿನೊಳಗೆ ಕವಲೊಡೆದು, ಕವಲಿಗೆ ಕವಲು ಮೂಡಿ, ತುದಿಯ ಅತಿ ಸಣ್ಣ ನಾಳಗಳಲ್ಲಿ ಪಾಚಿಯನ್ನು ತುಂಬಿಕೊಂಡಿರುತ್ತದೆ. ಅಂದರೆ ಈ ಗದ್ದೆ ಇರುವುದು ಹೊಟ್ಟೆಯ ವಿಸ್ತರಣೆಯಲ್ಲಿ. ಹೊಟ್ಟೆಯನ್ನೇ ಬಿಸಿಲಿಗೆ ಹರಡಿದ ಪ್ರಾಣಿ ಇದು! ಒಳಗಿನ ಪಾಚಿ ಕೆಲವೊಮ್ಮೆ ಮಲದ ಜೊತೆ ಜೀವಂತವಾಗಿಯೇ ಹೊರಬಿದ್ದು ಕಡಲು ಸೇರುತ್ತದೆ ಎಂಬುದನ್ನು ಓದಿದಾಗ, ಯಾರು ಯಾರನ್ನು ಸಾಕಿದ್ದಾರೆ ಎಂದು ಕೇಳಬೇಕೆನಿಸಿತು.

ಮರಗಸಿ

ಇಲ್ಲಿಯವರೆಗಿನದು ಪಠ್ಯಪುಸ್ತಕದಲ್ಲೂ ಸಿಗುತ್ತದೆ. ನನ್ನನ್ನು ನಿಜವಾಗಿ ಹಿಡಿದು ಕೂರಿಸಿದ್ದು ಬೆಳಕಿನ ಹಂಚಿಕೆಯ ವಿಚಾರ. ಅದನ್ನು ಹೇಳಬೇಕಾದರೆ ನಮ್ಮ ತೋಟದ ಮೇಸ್ತ್ರಿಯನ್ನು ಕರೆತರಬೇಕು.

ಅಪ್ಪ ಇದ್ದಾಗಿನ ಮಾತು. ಮೇ ಕೊನೆ, ಮಳೆ ಹಿಡಿಯುವ ಮೊದಲು ಮರಗಸಿ, ಅಂದರೆ ಕಾಫಿಗೆ ನೆರಳು ಕೊಡುವ ಮರಗಳ ಕೊಂಬೆ ಸವರುವ ಕೆಲಸ, ಮುಗಿಯಬೇಕು. ಹಾಲುವಾಣದ ಮರಗಳ ಮೇಲೆ ಕತ್ತಿ ಹಿಡಿದವರು, ಕೆಳಗೆ ಮೇಸ್ತ್ರಿ. ಅವರ ಕೆಲಸವೆಲ್ಲ ಕತ್ತೆತ್ತಿ ನೋಡುವುದು, ಆಮೇಲೆ ಬಗ್ಗಿ ನೆಲ ನೋಡುವುದು. ಆ ಸಲ ಅಪ್ಪನಿಗೆ ಆತುರ. ಕೂಲಿಗೆ ಜನ ಸಿಗುತ್ತಿರಲಿಲ್ಲ, ಒಂದೇ ಬಾರಿಗೆ ಚೆನ್ನಾಗಿ ಬೋಳಿಸಿಬಿಟ್ಟರೆ ಮುಂದಿನ ವರ್ಷಕ್ಕೂ ಆದೀತು ಎಂಬ ಯೋಚನೆ. ಮೇಸ್ತ್ರಿ ಒಪ್ಪಲಿಲ್ಲ. "ಗೌಡರೇ, ಬಿಸಿಲು ನೆಲದ ಮೇಲೆ ಚುಕ್ಕೆ ಚುಕ್ಕೆಯಾಗಿ ಬೀಳಬೇಕು. ಹಾಸಿಕೊಂಡು ಬಿದ್ದರೆ ಗಿಡ ಉಳಿಯುವುದಿಲ್ಲ" ಎಂದು, ಗಿಡದ ಬುಡದ ತರಗಿನ ಮೇಲೆ ಬಿದ್ದಿದ್ದ ಬೆಳಕಿನ ಚೂರುಗಳನ್ನು ಕಾಲ ಹೆಬ್ಬೆರಳಿನಿಂದ ಒಂದೊಂದಾಗಿ ಮುಟ್ಟಿ ತೋರಿಸಿದರು. ಒಂದು ಕಡೆ ಚೂರು ಅಂಗೈಗಿಂತ ದೊಡ್ಡದಿತ್ತು. ಅಲ್ಲಿಂದಲೇ ಮೇಲಕ್ಕೆ ಕೂಗಿ ಆ ಕೊಂಬೆಯನ್ನು ಬಿಡಲು ಹೇಳಿದರು. ಅಪ್ಪ ಗೊಣಗಿಕೊಂಡು ಸುಮ್ಮನಾದರು. ಕಾಫಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ನೆತ್ತಿ ಬಿಸಿಲು ನೇರ ತಾಗಿದರೆ ಎಲೆ ಸುಡುತ್ತದೆ, ಅರೇಬಿಕಾಗೆ ಕಾಂಡ ಕೊರೆಯುವ ಬೋರರ್ ಹುಳು ಹಿಡಿಯುತ್ತದೆ. ನೆರಳು ದಟ್ಟವಾದರೆ ಬರೀ ಸೊಪ್ಪು, ಕಾಯಿ ಇಲ್ಲ, ಮಳೆಯಲ್ಲಿ ಕೊಳೆರೋಗ ಬೇರೆ.

ದೈತ್ಯ ಕಪ್ಪೆಚಿಪ್ಪಿಗೆ ಎದುರಾಗುವುದೂ ಇದೇ ಇಕ್ಕಟ್ಟು. ಸಮಭಾಜಕದ ಸೂರ್ಯ, ತಿಳಿನೀರು, ಆಳ ಹೆಚ್ಚೆಂದರೆ ಹತ್ತಿಪ್ಪತ್ತು ಮೀಟರ್. ಪಾಚಿಯನ್ನು ಒಂದೇ ಸಮನೆ ಹರಡಿದ್ದರೆ ಮೇಲಿನ ಕೋಶಗಳು ಅತಿಬೆಳಕಿನಲ್ಲಿ ಹಾಳಾಗುತ್ತವೆ, ಕೆಳಗಿನವು ಕತ್ತಲಲ್ಲಿ ಸೊರಗುತ್ತವೆ. ಅಮೆರಿಕದ ವಿಜ್ಞಾನಿ ಅಲಿಸನ್ ಸ್ವೀನಿ ಮತ್ತು ಸಂಗಡಿಗರು ಪಲಾವ್ ದ್ವೀಪಗಳ ಚಿಪ್ಪುಗಳನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ಈ ಇಕ್ಕಟ್ಟಿಗೆ ಚಿಪ್ಪು ಕಂಡುಕೊಂಡ ದಾರಿಯನ್ನು ತೋರಿಸಿತು. ಮ್ಯಾಂಟಲಿನ ಮೇಲ್ಪದರದಲ್ಲಿ ಇರಿಡೊಸೈಟ್ ಎಂಬ ಕೋಶಗಳಿವೆ. ನೋಡುವವರಿಗೆ ಕಾಣುವ ಆ ಹೊಳಪು ಇವುಗಳದೇ. ಪಾಚಿಗೆ ಅಷ್ಟಾಗಿ ಬೇಡದ ಹಸಿರು, ಹಳದಿ ಬೆಳಕನ್ನು ಇವು ಹಿಂದಕ್ಕೆ ಚಿಮ್ಮಿಸುತ್ತವೆ. ಬೇಕಾದ ನೀಲಿ, ಕೆಂಪು ಬೆಳಕನ್ನು ಮುಂದಕ್ಕೆ, ಓರೆಯಾಗಿ ಚದುರಿಸಿ ಆಳಕ್ಕೆ ಇಳಿಸುತ್ತವೆ. ಕೆಳಗೆ ಪಾಚಿಕೋಶಗಳು ಒಂದರ ಮೇಲೊಂದು ನಿಂತು ಕಂಬಗಳಾಗಿವೆ. ಓರೆಯಾಗಿ ಇಳಿದ ಬೆಳಕು ಕಂಬಗಳ ನೆತ್ತಿಯನ್ನು ಸುಡುವ ಬದಲು ಮಗ್ಗುಲುಗಳಿಗೆ ತಾಗುತ್ತದೆ. ತುದಿಯ ಕೋಶಕ್ಕೂ ಬುಡದ ಕೋಶಕ್ಕೂ ಹೆಚ್ಚುಕಡಿಮೆ ಒಂದೇ ಹದದ ಬೆಳಕು. ಮೇಸ್ತ್ರಿ ಕಂಡಿದ್ದರೆ ತಲೆದೂಗುತ್ತಿದ್ದರು.

ಅದೇ ತಂಡ 2024ರಲ್ಲಿ ಲೆಕ್ಕ ಹಾಕಿ ಇನ್ನೊಂದು ಸಂಗತಿ ಹೇಳಿತು. ಇಂಥ ಕಂಬಗಳ ಜೋಡಣೆಯೊಂದರಿಂದಲೇ ಬಿದ್ದ ಬೆಳಕಿನ ಶೇ 42ರಷ್ಟು ದ್ಯುತಿಸಂಶ್ಲೇಷಣೆಯ ಕೆಲಸಕ್ಕೆ ಸಿಗುತ್ತದೆ. ಜೊತೆಗೆ ಈ ಪ್ರಾಣಿ ಹಗಲಿನ ಬೆಳಕು ಏರಿಳಿದಂತೆ ಮ್ಯಾಂಟಲನ್ನು ಹಿಗ್ಗಿಸಿ ಕುಗ್ಗಿಸಿ, ಕಂಬಗಳ ನಡುವಿನ ಅಂತರವನ್ನು ಬದಲಿಸುವುದನ್ನೂ ಸೇರಿಸಿದರೆ ಅದು ಶೇ 67ಕ್ಕೆ ಏರುತ್ತದೆ. ಇವೆಲ್ಲ ಮಾದರಿಯ ಲೆಕ್ಕಗಳು, ನಿಜ. ಆದರೂ ನನಗೆ ಮುಖ್ಯವೆನಿಸಿದ್ದು ಎರಡನೆಯ ಅಂಕಿಯ ಹಿಂದಿನ ಮಾತು. ಚಿಪ್ಪು ಕೂತಲ್ಲೇ ಕೂತಿದೆ, ಏನೂ ಮಾಡುತ್ತಿಲ್ಲ ಎಂದು ನಾವು ತಿಳಿಯುವ ಹೊತ್ತಿನಲ್ಲಿ ಅದು ದಿನವಿಡೀ ಮರಗಸಿ ಮಾಡುತ್ತಿದೆ.

ಬಾಯಿ ಮುಚ್ಚುವ ಕಥೆ

ಇಷ್ಟು ನೆಮ್ಮದಿಯ ಪ್ರಾಣಿಗೆ ಮನುಷ್ಯ ಅಂಟಿಸಿದ ಹೆಸರು ನರಹಂತಕ. ಮುತ್ತು ಹುಡುಕಲು ಇಳಿದವನ ಕಾಲು ಸಿಕ್ಕಿಕೊಂಡು ಮುಳುಗಿ ಸತ್ತ ಕಥೆಗಳು ಇಪ್ಪತ್ತನೇ ಶತಮಾನದ ಪತ್ರಿಕೆಗಳಲ್ಲಿ ಧಾರಾಳವಾಗಿ ಬಂದಿವೆ. ಅಮೆರಿಕದ ನೌಕಾಪಡೆಯ ಮುಳುಗುಗಾರರ ಕೈಪಿಡಿಯ ಹಳೆಯ ಆವೃತ್ತಿಗಳಲ್ಲಿ, ಚಿಪ್ಪು ಕಚ್ಚಿಕೊಂಡರೆ ಅದರ ಸ್ನಾಯುವನ್ನು ಕತ್ತರಿಸಿ ಬಿಡಿಸಿಕೊಳ್ಳುವ ವಿಧಾನವನ್ನೇ ಕೊಟ್ಟಿದ್ದರು. ಹಾಗೆ ಸತ್ತವರ ಖಚಿತ ದಾಖಲೆ ಒಂದೂ ಇಲ್ಲ.

ಚಿಪ್ಪು ಬಾಯಿ ಮುಚ್ಚುವುದು ಹೇಗೆಂದು ನನಗೆ ತೋರಿಸಿಕೊಟ್ಟವರು ಅತ್ತಿಗೆ. ಉಳ್ಳಾಲದ ಕಡೆಯವರು. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬರುವ ಮೀನಿನ ಗಾಡಿಯಲ್ಲಿ ಮರುವಾಯಿ ಎಂಬ ಸಣ್ಣ ಕಪ್ಪೆಚಿಪ್ಪು ಬಂದಿದೆ ಎಂದರೆ ಅಣ್ಣನಿಗೆ ಪೇಟೆಗೆ ಓಡಲೇಬೇಕು. ಅತ್ತಿಗೆ ಹಿತ್ತಲಿನಲ್ಲಿ ಬಕೆಟ್ ಇಟ್ಟುಕೊಂಡು, ನಾಲ್ಕಾರು ನೀರಿನಲ್ಲಿ ಮರಳು ಹೋಗುವಂತೆ ತೊಳೆದು, ಒಂದೊಂದನ್ನೂ ಕೈಗೆತ್ತಿಕೊಂಡು ನೋಡುತ್ತಾರೆ. ಅರೆ ಬಾಯಿ ಬಿಟ್ಟಿದ್ದನ್ನು ಬಕೆಟ್ಟಿನ ಅಂಚಿಗೆ ಮೆಲ್ಲಗೆ ತಟ್ಟುತ್ತಾರೆ. ನಿಧಾನವಾಗಿ ಮುಚ್ಚಿಕೊಂಡರೆ ಪಾತ್ರೆಗೆ, ಇಲ್ಲವಾದರೆ ತೆಂಗಿನ ಬುಡಕ್ಕೆ. "ಬದುಕಿರುವುದು ಕಚ್ಚಿ ಹಿಡಿದಿರುತ್ತದೆ, ಸತ್ತದ್ದು ಬಾಯಿ ಬಿಡುತ್ತದೆ, ನೋಡು" ಎಂದು ಒಂದನ್ನು ನನ್ನ ಅಂಗೈಯಲ್ಲಿಟ್ಟರು. ಉಗುರು ತೂರಿಸಿ ಬಿಡಿಸಲು ಹೋದೆ, ಆಗಲಿಲ್ಲ. ಆಮೇಲೆ ಅವರು ಮೆಟ್ಟುಗತ್ತಿಯ ಅಲಗಿಗೆ ಒತ್ತಿ ಒಳಗಿನ ಬಿಳಿ ಸ್ನಾಯುವನ್ನು ಕೊಯ್ದದ್ದೇ ತಡ, ಎರಡು ಹೋಳೂ ತಾವಾಗಿಯೇ ತೆರೆದುಕೊಂಡವು.

ಗುಟ್ಟೆಲ್ಲ ಇರುವುದು ಅಲ್ಲಿ. ಎರಡು ಹೋಳುಗಳನ್ನು ಬೆನ್ನಿನಲ್ಲಿ ಸೇರಿಸಿರುವ ಕಂದು ಪಟ್ಟಿ ಚಿಪ್ಪನ್ನು ಸದಾ ತೆರೆಯುವ ಕಡೆಗೆ ಒತ್ತುತ್ತಿರುತ್ತದೆ. ತೆರೆದಿರುವುದಕ್ಕೆ ಶ್ರಮವಿಲ್ಲ. ಮುಚ್ಚುವುದಕ್ಕೆ ಸ್ನಾಯು ದುಡಿಯಬೇಕು. ದೈತ್ಯ ಚಿಪ್ಪು ಮುಚ್ಚಬೇಕಾದರೆ ಮೊದಲು ಹರಡಿದ ಮ್ಯಾಂಟಲನ್ನು ಒಳಗೆಳೆದುಕೊಳ್ಳಬೇಕು, ಒಳಗೆ ತುಂಬಿರುವ ನೀರನ್ನು ಹೊರಹಾಕಬೇಕು, ಆಮೇಲೆ ಕ್ವಿಂಟಾಲ್ ತೂಕದ ಹೋಳುಗಳನ್ನು ಹತ್ತಿರ ತರಬೇಕು. ಮುಳುಗುಗಾರ ಕಾಲು ತೆಗೆದುಕೊಂಡು ಹೋಗಲು ಬೇಕಾದಷ್ಟು ಸಮಯವಿದೆ. ಪೂರ್ತಿ ಬೆಳೆದ ದೊಡ್ಡ ಚಿಪ್ಪುಗಳಂತೂ ಸಂಪೂರ್ಣವಾಗಿ ಮುಚ್ಚಿಕೊಳ್ಳಲಾರವು, ಮಾಂಸದ ಅಂಚು ಸ್ವಲ್ಪ ಹೊರಗೇ ಉಳಿಯುತ್ತದೆ.

ಅದು ಮುಚ್ಚಿಕೊಳ್ಳುವುದು ಹೆದರಿಕೆಯಿಂದ. ಮ್ಯಾಂಟಲಿನ ಅಂಚಿನುದ್ದಕ್ಕೂ ನೂರಾರು ಕಣ್ಣುಗಳಿವೆ. ಮಸೂರವಿಲ್ಲದ, ಸೂಜಿರಂಧ್ರದಂಥ ಕಣ್ಣುಗಳು. ಅವುಗಳಿಗೆ ಆಕಾರ ಸ್ಪಷ್ಟವಾಗಿ ಕಾಣದು, ನೆರಳು ಹಾಯ್ದದ್ದು ತಿಳಿಯುತ್ತದೆ. ಮೀನೊಂದು ಮೇಲಿನಿಂದ ಹಾದುಹೋದರೆ, ಬೆಳಕು ತುಸು ಮಂಕಾದರೆ, ಮ್ಯಾಂಟಲ್ ಬೆಚ್ಚಿ ಒಳಸರಿಯುತ್ತದೆ. ಇಲ್ಲೊಂದು ಬಿಕ್ಕಟ್ಟಿದೆ. ಬಿಸಿಲು ಉಣ್ಣಬೇಕಾದರೆ ಮೈ ಹರಡಬೇಕು, ಹರಡಿದರೆ ಮೀನುಗಳು ಕಚ್ಚುತ್ತವೆ. ಪ್ರತಿ ನೆರಳಿಗೂ ಬಾಗಿಲು ಹಾಕಿಕೊಂಡರೆ ಊಟ ತಪ್ಪುತ್ತದೆ. ಈ ಲೆಕ್ಕಾಚಾರಕ್ಕೆ ಅದರ ಬಳಿ ಇರುವುದು ಮಿದುಳೆಂದು ಕರೆಯಲಾಗದ ನರಗಂಟುಗಳು ಮಾತ್ರ.

ಕೊಲೆಗಾರ ಯಾರು ಎಂಬ ಲೆಕ್ಕ ತೆಗೆದರೆ ಫಲಿತಾಂಶ ಬೇರೆಯೇ. ಕಳೆದ ಶತಮಾನದ ಉತ್ತರಾರ್ಧದಲ್ಲಿ ತೈವಾನಿನ ದೂರಗಾಮಿ ದೋಣಿಗಳು ಪೆಸಿಫಿಕ್ಕಿನ ದ್ವೀಪದಿಂದ ದ್ವೀಪಕ್ಕೆ, ಗ್ರೇಟ್ ಬ್ಯಾರಿಯರ್ ರೀಫಿನವರೆಗೂ ಕದ್ದು ಹೋಗಿ, ಪ್ರಾಣಿಯ ಆ ಸ್ನಾಯುವನ್ನಷ್ಟೇ ಕೊಯ್ದುಕೊಂಡು ಉಳಿದದ್ದನ್ನು ಅಲ್ಲೇ ಬಿಟ್ಟು ಬರುತ್ತಿದ್ದವು. ಒಣಗಿಸಿದ ಸ್ನಾಯುವಿಗೆ ಪೂರ್ವ ಏಷ್ಯಾದಲ್ಲಿ ಒಳ್ಳೆಯ ಬೆಲೆ. ಆಮೇಲೆ ಚಿಪ್ಪಿನ ಸರದಿ. ಆನೆದಂತಕ್ಕೆ ಕಡಿವಾಣ ಬಿದ್ದಂತೆ, ಚೀನಾದ ಹೈನಾನ್ ದ್ವೀಪದ ತಾನ್‌ಮೆನ್ ಪಟ್ಟಣದಲ್ಲಿ ಈ ಬಿಳಿ ಚಿಪ್ಪನ್ನು ಕೆತ್ತಿ ಮಾರುವ ಉದ್ಯಮ ಎದ್ದು ನಿಂತಿತು. ಹವಳದಲ್ಲಿ ಹೂತ ಚಿಪ್ಪುಗಳನ್ನು ತೆಗೆಯಲು ದೋಣಿಯ ಪ್ರೊಪೆಲ್ಲರನ್ನೇ ದಿಬ್ಬಕ್ಕೆ ಇಳಿಸಿ ಉತ್ತರು. ದಕ್ಷಿಣ ಚೀನಾ ಸಮುದ್ರದ ವಿವಾದದಲ್ಲಿ 2016ರ ಜುಲೈನಲ್ಲಿ ಹೇಗ್‌ನ ಪಂಚಾಯ್ತಿ ಮಂಡಳಿ ಕೊಟ್ಟ ತೀರ್ಪಿನಲ್ಲಿ, ಗಡಿ ನಕ್ಷೆಗಳ ನಡುವೆ ಈ ಮೂಕ ಪ್ರಾಣಿಯ ಪ್ರಸ್ತಾಪವೂ ಬಂದಿತು. 2017ರ ಆರಂಭದಲ್ಲಿ ಹೈನಾನ್ ಆಡಳಿತ ಅದರ ವ್ಯಾಪಾರವನ್ನು ನಿಷೇಧಿಸಿತು. 2024ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿಯಲ್ಲಿ ಟ್ರೈಡಾಕ್ನಾ ಗೀಗಾಸ್ ತೀವ್ರ ಅಪಾಯದ ಅಂಚಿನಲ್ಲಿರುವ ಪ್ರಭೇದವಾಯಿತು.

ಚಿಪ್ಪಿನ ಮೋಹ ಹೊಸದೇನಲ್ಲ ಬಿಡಿ. ವೆನಿಸ್ ಗಣರಾಜ್ಯ ಫ್ರಾನ್ಸಿನ ದೊರೆ ಮೊದಲನೇ ಫ್ರಾನ್ಸಿಸನಿಗೆ ಉಡುಗೊರೆ ಕೊಟ್ಟ ಜೋಡಿ ಇಂದಿಗೂ ಪ್ಯಾರಿಸಿನ ಸಂತ ಸುಲ್ಪೀಸ್ ಚರ್ಚಿನ ಬಾಗಿಲಲ್ಲಿ ತೀರ್ಥ ತುಂಬಿಕೊಂಡು ನಿಂತಿದೆ. ಮುತ್ತಿನ ವಿಷಯವೂ ಅಷ್ಟೇ. 2016ರಲ್ಲಿ ಫಿಲಿಪ್ಪೀನ್ಸಿನ ಪಲಾವಾನ್ ದ್ವೀಪದ ಮೀನುಗಾರನೊಬ್ಬ ಹತ್ತು ವರ್ಷಕ್ಕೂ ಮೇಲ್ಪಟ್ಟು ಮಂಚದ ಕೆಳಗೆ ಅದೃಷ್ಟದ ಕಲ್ಲೆಂದು ಇಟ್ಟುಕೊಂಡಿದ್ದ 34 ಕಿಲೋ ತೂಕದ ಮುತ್ತು ಹೊರಬಂದು ಸುದ್ದಿಯಾಯಿತು. ನೋಡಲು ಅದಕ್ಕೆ ಮುತ್ತಿನ ಮಿರುಗಿಲ್ಲ, ಸೊಟ್ಟ ಸುಣ್ಣದ ಗಡ್ಡೆ.

ನೆರೆಹೊರೆ ಇಲ್ಲದ ಮುದಿತನ

ಕಳ್ಳತನ ನಿಂತರೆ ಸಂಖ್ಯೆ ತಾನಾಗಿ ಏರಬೇಕಲ್ಲವೇ? ಒಂದೊಂದು ಚಿಪ್ಪೂ ಒಂದೇ ಸಲಕ್ಕೆ 50 ಕೋಟಿಯಷ್ಟು ಮೊಟ್ಟೆ ಚೆಲ್ಲಬಲ್ಲದು. ಈ ಅಂಕಿ ಓದಿದ ಯಾರಿಗಾದರೂ ಇನ್ನೇನು ಚಿಂತೆ ಎನಿಸುತ್ತದೆ. ಆದರೆ ಹುಟ್ಟುವ ಬಗೆಯಲ್ಲೇ ಒಂದು ಕಟ್ಟಳೆ ಇದೆ. ಇದು ಮೊದಲು ಗಂಡಾಗಿ ಪ್ರಾಯಕ್ಕೆ ಬರುತ್ತದೆ, ಮತ್ತೆ ಕೆಲವು ವರ್ಷ ಕಳೆದ ಮೇಲೆ ಗಂಡೂ ಹೆಣ್ಣೂ ಎರಡೂ ಆಗುತ್ತದೆ. ಹಾಗಿದ್ದೂ ತನ್ನ ಮೊಟ್ಟೆಗೆ ತನ್ನದೇ ವೀರ್ಯ ಕೂಡದಿರಲೆಂದು ಮೊದಲು ವೀರ್ಯವನ್ನು ಬಿಟ್ಟು, ಅದು ಮುಗಿದ ಮೇಲೆ ಮೊಟ್ಟೆಯನ್ನು ಬಿಡುತ್ತದೆ. ಎಲ್ಲವೂ ನಡುನೀರಿನಲ್ಲಿ, ಯಾರೂ ಯಾರನ್ನೂ ಮುಟ್ಟದೆ. ಒಂದು ಬಿಟ್ಟ ಮೊಟ್ಟೆಯ ಜೊತೆ ನೀರಿಗಿಳಿಯುವ ರಾಸಾಯನಿಕ ಸುಳಿವು ಪಕ್ಕದ್ದನ್ನು ಕೆರಳಿಸುತ್ತದೆ, ಅದು ಇನ್ನೊಂದನ್ನು. ದಿಬ್ಬವೊಂದು ಒಟ್ಟಿಗೆ ಬೆದೆಗೆ ಬರುವುದು ಹೀಗೆ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಸುಳಿವು ಹೋಗಿ ತಲುಪುವುದು ಯಾರಿಗೆ? ಕದಲಲಾರದ ಪ್ರಾಣಿ ಜೊತೆಯನ್ನು ಹುಡುಕಿಕೊಂಡು ಹೋಗುವುದಿಲ್ಲ. ಸುತ್ತಲಿನವನ್ನೆಲ್ಲ ಕಿತ್ತ ಮೇಲೆ ಉಳಿದ ಒಂಟಿ ಚಿಪ್ಪು ಇನ್ನೂ ಐವತ್ತು ವರ್ಷ ಬಿಸಿಲು ಉಂಡು ಬದುಕಬಹುದು, ಗಣತಿಯಲ್ಲಿ ಒಂದು ಎಂದು ಲೆಕ್ಕಕ್ಕೂ ಸಿಗಬಹುದು. ವಂಶದ ಲೆಕ್ಕದಲ್ಲಿ ಅದು ಆಗಲೇ ಮುಗಿದಿದೆ. ಸಂರಕ್ಷಣೆಯ ವರದಿಗಳಲ್ಲಿ ಒಟ್ಟು ಸಂಖ್ಯೆಯನ್ನು ಮಾತ್ರ ನೋಡುವವರ ಬಗ್ಗೆ ನನಗಿರುವ ತಕರಾರು ಇದೇ. ಎಷ್ಟಿವೆ ಎಂಬುದಕ್ಕಿಂತ ಎಷ್ಟು ಹತ್ತಿರ ಹತ್ತಿರ ಇವೆ ಎಂಬುದನ್ನು ಮೊದಲು ಕೇಳಬೇಕು.

ನಮ್ಮ ದೇಶದ ಕಡಲಲ್ಲಿ ಇದರ ಸಣ್ಣ ದಾಯಾದಿಗಳಿವೆ. ಲಕ್ಷದ್ವೀಪ, ಅಂಡಮಾನಿನ ಹವಳದ ದಿಬ್ಬಗಳಲ್ಲಿ ಸಿಗುವ ಟ್ರೈಡಾಕ್ನಾ ಮ್ಯಾಕ್ಸಿಮಾ ಮತ್ತು ಸ್ಕ್ವಾಮೋಸಾ ಒಂದಡಿ ಉದ್ದದ ಆಜೂಬಾಜು ಬೆಳೆಯುತ್ತವೆ. ಎರಡೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೇ ಅನುಸೂಚಿಯಲ್ಲಿವೆ, ಹುಲಿ ಆನೆಗಳ ಸಾಲಿನಲ್ಲಿ. ಹುಲಿಯ ಚರ್ಮ ಹಿಡಿದರೆ ಪತ್ರಿಕೆಯ ಮುಖಪುಟ, ಚಿಪ್ಪು ಹಿಡಿದರೆ ಒಳಪುಟದ ಮೂಲೆ. ಕಾನೂನಿಗೆ ಜಗ್ಗದ ಶತ್ರುವೂ ಇದೆ. ಕಡಲು ಅತಿಯಾಗಿ ಬಿಸಿಯಾದ 1998ರಂಥ ವರ್ಷಗಳಲ್ಲಿ ಹವಳದಂತೆಯೇ ಈ ಚಿಪ್ಪುಗಳೂ ತಮ್ಮ ಪಾಚಿಯನ್ನು ಕಳೆದುಕೊಂಡು ಬಿಳಿಚಿಕೊಂಡವು. ಪಾಚಿ ಹೋದರೆ ತಿಳಿನೀರಿನಲ್ಲಿ ಉಳಿಯುವುದು ಉಪವಾಸ. ಬಿಸಿ ಬೇಗ ಇಳಿದರೆ ಕೆಲವು ಮತ್ತೆ ಪಾಚಿ ತುಂಬಿಕೊಂಡು ಚೇತರಿಸಿಕೊಳ್ಳುತ್ತವೆ.

ನರ್ಸರಿ

ಮರಿಗಳಿಗೆ ಪಾಚಿ ತಾಯಿಯಿಂದ ಬರುವುದಿಲ್ಲ. ಇದನ್ನು ಓದಿ ನಾನು ಬಹಳ ಹೊತ್ತು ಯೋಚಿಸಿದ್ದೇನೆ. ಇಷ್ಟೊಂದು ಅವಲಂಬಿಸಿರುವ ಒಡನಾಡಿಯನ್ನು ಮೊಟ್ಟೆಯೊಳಗೆ ಇಟ್ಟು ಕಳಿಸಬಾರದಿತ್ತೇ? ಕಳಿಸುವುದಿಲ್ಲ. ಮೊಟ್ಟೆ ಒಡೆದು ಬಂದ ಕಣ್ಣಿಗೆ ಕಾಣದ ಮರಿ ಒಂದು ವಾರ, ಹತ್ತು ದಿನ ಈಜಾಡಿ, ನೆಲದ ಆಸರೆ ಹುಡುಕಿ ಕೂರುತ್ತದೆ. ಆ ದಿನಗಳಲ್ಲಿ ನೀರಿನಲ್ಲಿ ಸಿಕ್ಕ ಪಾಚಿಕೋಶಗಳನ್ನು ಆಹಾರದ ಜೊತೆ ನುಂಗುತ್ತದೆ. ಬಹಳಷ್ಟು ಕೋಶಗಳು ಅರಗಿಹೋಗುತ್ತವೆ, ಕೆಲವು ಉಳಿದು ಜಠರದಿಂದ ಹೊರಟ ಆ ಕೊಳವೆಗೆ ಸೇರಿ ಬೇರೂರುತ್ತವೆ. ಹಾಗೆ ಬೇರೂರದಿದ್ದರೆ ಮರಿ ಬದುಕುವುದಿಲ್ಲ. ಕೂತ ಮೇಲೆ ಮರಿ ಬಲವಾದ ಎಳೆಗಳನ್ನು ನೂತು ಹವಳಕ್ಕೆ ಮೈ ಕಟ್ಟಿಕೊಳ್ಳುತ್ತದೆ. ಗೀಗಾಸ್ ಬೆಳೆದು ತನ್ನ ಭಾರಕ್ಕೇ ನಿಲ್ಲುವಂತಾದಾಗ ಆ ಎಳೆಗಳು ಇಲ್ಲವಾಗುತ್ತವೆ. ಅಲ್ಲಿಂದ ಮುಂದೆ ಹಗಲಿನ ಬಿಸಿಲು ಸುಣ್ಣವಾಗಿ ಕೂಡುತ್ತ ಹೋಗುತ್ತದೆ. ಪಾಚಿ ದುಡಿಯುವ ಹಗಲಿನಲ್ಲಿ ಚಿಪ್ಪು ಹೆಚ್ಚು ಬೆಳೆಯುವುದರಿಂದ, ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದಿನಕ್ಕೊಂದು ಗೆರೆ ಸಿಗುತ್ತದೆ. ಪಪುವಾ ನ್ಯೂಗಿನಿಯ ಪಳೆಯುಳಿಕೆ ಚಿಪ್ಪುಗಳಿಂದ ಸಾವಿರಾರು ವರ್ಷ ಹಿಂದಿನ ಎಲ್ ನಿನೋ ಬರಗಾಲಗಳನ್ನು ಓದಿದವರಿದ್ದಾರೆ.

ಪಲಾವ್‌ನಲ್ಲಿ ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಈ ಮರಿಗಳನ್ನು ತೊಟ್ಟಿಯಲ್ಲಿ ಬೆಳೆಸುವ ವಿದ್ಯೆ ಕುದುರಿತು. ಫಿಲಿಪ್ಪೀನ್ಸಿನಲ್ಲಿ ಗೀಗಾಸ್ ಬಹುತೇಕ ಅಳಿದುಹೋಗಿದ್ದರಿಂದ ವಿಜ್ಞಾನಿ ಎಡ್ಗಾರ್ಡೊ ಗೋಮೆಜ್ ಮತ್ತು ಸಂಗಡಿಗರು ಹೊರದೇಶಗಳಿಂದ ಮರಿ ತರಿಸಿ, ಬೊಲಿನಾವೊ ಸಮುದ್ರ ಪ್ರಯೋಗಾಲಯದಲ್ಲಿ ಸಾಕಿ, ಒಂದರ ಪಕ್ಕ ಒಂದು ಬರುವಂತೆ ದಿಬ್ಬಗಳಲ್ಲಿ ನೆಟ್ಟರು. ನೆಡುವುದು ಎಂಬುದೇ ಸರಿಯಾದ ಮಾತು. ಕಾಫಿ ಸಸಿಗೆ ಮಾಡುವಷ್ಟೇ ಆರೈಕೆ ಇದೆ. ಅಂಥ ನರ್ಸರಿಗಳಲ್ಲಿ ಮರಿಗಳಿಗೆ ಮೊದಲ ಪಾಚಿಯನ್ನು ಮನುಷ್ಯರೇ ಉಣಿಸುತ್ತಾರೆ. ದೊಡ್ಡ ಚಿಪ್ಪೊಂದರ ಮ್ಯಾಂಟಲಿನ ಚೂರನ್ನು ಅರೆದು, ಸೋಸಿ, ಆ ನೀರನ್ನು ತೊಟ್ಟಿಗೆ ಬಿಡುತ್ತಾರೆ. ಬೆರಳುದ್ದ ಬೆಳೆದ ಮೇಲೆ ಬಲೆಯ ಪಂಜರದಲ್ಲಿಟ್ಟು ಕಡಲಿಗೆ ಇಳಿಸುತ್ತಾರೆ. ಪಂಜರ ಮೀನು, ಏಡಿಗಳನ್ನು ತಡೆಯುತ್ತದೆ. ಅದರ ಬಲೆಯ ಕಣ್ಣುಗಳಲ್ಲಿ ನುಸುಳಿ ಬರುವುದು ಸಣ್ಣ ಮಾಂಸಾಹಾರಿ ಕಡಲ ಬಸವನಹುಳು. ಅದೂ ಮೃದ್ವಂಗಿಯೇ, ಇದರದೇ ದೂರದ ನಂಟ. ನೀರಿನಲ್ಲಿ ತೇಲುವ ಮರಿಯಾಗಿ ಬಂದು ಪಂಜರದೊಳಗೇ ಬೆಳೆದು, ಎಳೆಯ ಚಿಪ್ಪಿನ ಸಂದಿನಿಂದ ಸೊಂಡಿಲು ತೂರಿಸಿ ಒಳಗಿನದನ್ನು ತಿಂದು ಖಾಲಿ ಮಾಡುತ್ತದೆ. ನರ್ಸರಿ ನೋಡಿಕೊಳ್ಳುವವರು ಆಗಾಗ ಮುಳುಗಿ, ಪಂಜರ ಬಿಚ್ಚಿ, ಮರಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಹುಳುಗಳನ್ನು ಕೈಯಿಂದ ಆರಿಸಿ ತೆಗೆಯುತ್ತಾರೆ.